ಕೆರೆಯೋ ಜಲಾಶಯವೋ: ಗಾಳ ಹಾಕುವ ಮೊದಲು ನೀರನ್ನು ಆರಿಸಿಕೊಳ್ಳುವ ಬಗೆ

ಗಾಳ ಹಾಕುವುದನ್ನು ಹೊಸದಾಗಿ ಕಲಿಯಹೊರಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಕೋಲಿನದು: ಎಷ್ಟು ಉದ್ದದ್ದು ಬೇಕು, ಯಾವ ರೀಲು ಒಳ್ಳೆಯದು, ದಾರ ಎಷ್ಟು ದಪ್ಪವಿರಬೇಕು. ನನ್ನ ಅನುಭವದಲ್ಲಿ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ನೀರಿನ ಮುಂದೆ ಕೂರುತ್ತೇವೆ ಎಂಬುದು ಮೊದಲು ತೀರ್ಮಾನವಾದರೆ, ಆ ನೀರಿನ ಆಳ, ಅದರ ತಿಳಿ, ಅದರ ತಳ ಮತ್ತು ಅದರೊಳಗಿನ ಮೀನು ಇವೇ ಉಳಿದ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಕೊಟ್ಟುಬಿಡುತ್ತವೆ. ಆದ್ದರಿಂದ ಈ ಹೋಲಿಕೆಯನ್ನು ನೀರಿನಿಂದ ಆರಂಭಿಸಿ, ಅಲ್ಲಿಂದ ವಿಧಾನಕ್ಕೆ, ವಿಧಾನದಿಂದ ದಾರ ಮತ್ತು ಗಾಳಕ್ಕೆ ಬರುತ್ತೇನೆ.

ಎರಡು ನೀರುಗಳ ಸ್ವಭಾವ

ಇಲ್ಲಿ ಕೆರೆ ಎಂದರೆ ಆಳ ಕಡಿಮೆಯಿರುವ, ಒಂದು ದಡದಲ್ಲಿ ನಿಂತರೆ ಎದುರು ದಡ ಸ್ಪಷ್ಟವಾಗಿ ಕಾಣುವ ನೀರು. ಜಲಾಶಯ ಎಂದರೆ ಅಣೆಕಟ್ಟಿನ ಹಿಂದೆ ಒಂದು ಇಡೀ ಕಣಿವೆ ಮುಳುಗಿ ಉಂಟಾದ ನೀರು. ಹೊರನೋಟಕ್ಕೆ ಇವುಗಳ ನಡುವೆ ವಿಸ್ತಾರದ ವ್ಯತ್ಯಾಸ ಮಾತ್ರ ಇರುವಂತೆ ತೋರಬಹುದು. ಮೀನಿನ ದೃಷ್ಟಿಯಿಂದ ನೋಡಿದರೆ ಇವೆರಡೂ ಬೇರೆ ಬೇರೆ ಲೋಕಗಳು.

ಕೆರೆಯಲ್ಲಿ ಬಿಸಿಲು ಬಹಳಷ್ಟು ಕಡೆ ತಳದವರೆಗೆ ಇಳಿಯುತ್ತದೆ. ಅಂಚಿನಲ್ಲಿ ಜೊಂಡು ಬೆಳೆಯುತ್ತದೆ, ಒಳಗೆ ನೀರುಗಿಡಗಳು ಹಬ್ಬುತ್ತವೆ, ಅವುಗಳ ನಡುವೆ ಹುಳು, ಬಸವನಹುಳು, ಸಿಗಡಿ, ಮರಿಮೀನು ಎಲ್ಲವೂ ಇರುತ್ತವೆ. ಆಹಾರವೆಲ್ಲ ದಡದ ಹತ್ತಿರವೇ ಇರುವುದರಿಂದ ಮೀನು ಕೂಡ ಅಲ್ಲಿಗೆ ಬರುತ್ತದೆ, ಮತ್ತು ರೀಲು ಇಲ್ಲದ ಸಾದಾ ಕೋಲಿಗೂ ಅದು ಎಟಕುತ್ತದೆ. ಏರಿ ಕಟ್ಟಿ ಮಾಡಿದ ಕೆರೆಯಾದರೆ ಆಳವಾದ ಭಾಗ ಏರಿಯ ಬುಡದಲ್ಲಿ, ತೂಬಿನ ಸುತ್ತ ಇರುತ್ತದೆ; ನೀರು ಒಳಬರುವ ಕಡೆ ಆಳವಿಲ್ಲದ, ಹೂಳು ತುಂಬಿದ ಅಂಗಳವಿರುತ್ತದೆ. ಮಳೆ ಬಂದ ಮರುದಿನ ಮೀನು ನೀರು ಒಳಬರುವ ಕಡೆ, ಬಿಸಿಲು ಸುಡುವ ಮಧ್ಯಾಹ್ನ ಏರಿಯ ಬುಡದಲ್ಲಿ ಎಂದು ನೆನಪಿಟ್ಟುಕೊಂಡರೆ ಹುಡುಕಾಟ ಅರ್ಧದಷ್ಟು ಕಡಿಮೆಯಾಗುತ್ತದೆ.

ಆದರೆ ಕೆರೆಯ ನೀರು ಕಡಿಮೆ ಇರುವುದರಿಂದ ಅದರ ಸ್ಥಿತಿ ಬೇಗ ಬದಲಾಗುತ್ತದೆ, ಮತ್ತು ಈ ಬದಲಾವಣೆಯ ಕೇಂದ್ರದಲ್ಲಿರುವುದು ನೀರಿನಲ್ಲಿ ಕರಗಿರುವ ಆಮ್ಲಜನಕ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಹಿಡಿಯುವುದು ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು 7.5 ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಪಾಚಿ ಮತ್ತು ನೀರುಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ. ಕತ್ತಲಾದ ಮೇಲೆ ಅವೂ ಉಸಿರಾಡಲು ಅದನ್ನೇ ಬಳಸಿಕೊಳ್ಳುತ್ತವೆ. ಹೀಗಾಗಿ ಹಸಿರುಗಟ್ಟಿದ ಕೆರೆಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವ ಹೊತ್ತು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ನಸುಕಿನಲ್ಲೇ ಗಾಳ ಹಾಕಬೇಕೆಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ, ಮತ್ತು ಬಹಳಷ್ಟು ನೀರಿಗೆ ಅದು ಸರಿಯೂ ಹೌದು. ಆದರೆ ಬೇಸಿಗೆಯಲ್ಲಿ ಪಾಚಿಗಟ್ಟಿದ ಸಣ್ಣ ಕೆರೆಗೆ ಮಾತ್ರ ಆ ಮಾತು ಹೊಂದುವುದಿಲ್ಲ. ಅಲ್ಲಿ ಬಿಸಿಲೇರಿ ಒಂದೆರಡು ಗಂಟೆ ಕಳೆದ ಮೇಲೆ, ಇಲ್ಲವೇ ಇಳಿಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ನಸುಕಿನಲ್ಲಿ ಮೀನುಗಳು ಮೇಲ್ಮೈಗೆ ಬಾಯಿ ತಂದು ಸಾಲಾಗಿ ಗುಟುಕರಿಸುತ್ತಿದ್ದರೆ ಅವು ಮೇಯುತ್ತಿವೆ ಎಂದು ಎಣಿಸಬಾರದು. ಅವು ಉಸಿರಿಗಾಗಿ ಕಷ್ಟಪಡುತ್ತಿವೆ. ಆ ದಿನ ಅಲ್ಲಿ ಗಾಳ ಹಾಕದಿರುವುದೇ ಸರಿಯಾದದ್ದು. ಕೊರವ ಮೀನು ಮತ್ತು ಮುರುಗೋಡಿನಂಥ ಕೆಲವು ಮೀನುಗಳು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲವಾದ್ದರಿಂದ ಇಂಥ ನೀರಿನಲ್ಲೂ ಚುರುಕಾಗಿ ಬದುಕುತ್ತವೆ.

ಜಲಾಶಯದ ಲೆಕ್ಕ ಬೇರೆ. ಅದರ ತಳ ಒಂದು ಕಾಲದಲ್ಲಿ ನೆಲವಾಗಿತ್ತು. ಹಳೆಯ ನದಿಯ ಪಾತ್ರ, ಮುಳುಗಿದ ಮರಗಳ ಮೋಟು, ಕಲ್ಲಿನ ಬೇಲಿ, ದಾರಿ, ಗುಡ್ಡದ ಮೂಗು ಎಲ್ಲವೂ ನೀರಿನಡಿಯಲ್ಲಿ ಇದ್ದ ಹಾಗೆಯೇ ಇರುತ್ತವೆ, ಮತ್ತು ಮೀನು ಇವುಗಳ ಅಂಚನ್ನು ಹಿಡಿದೇ ಓಡಾಡುತ್ತದೆ. ಬಟ್ಟಬಯಲಾದ ತಳದ ಮೇಲೆ ಎರೆ ಇಟ್ಟು ಕಾಯುವುದಕ್ಕಿಂತ ಇಂಥ ಒಂದು ಅಂಚನ್ನು ಹುಡುಕಿಕೊಳ್ಳುವುದು ಹತ್ತು ಪಟ್ಟು ಮೇಲು. ನೀರು ತೀರ ಇಳಿದ ಕಾಲದಲ್ಲಿ ಗಾಳ ಇಲ್ಲದೆ ಒಮ್ಮೆ ದಡದುದ್ದಕ್ಕೂ ನಡೆದು, ಬರಿದಾದ ನೆಲದಲ್ಲಿ ಎಲ್ಲಿ ತಗ್ಗಿದೆ, ಎಲ್ಲಿ ಬಂಡೆಯಿದೆ, ಎಲ್ಲಿ ಇಳಿಜಾರು ತಟ್ಟನೆ ಕಡಿದಾಗುತ್ತದೆ ಎಂದು ಗುರುತು ಮಾಡಿಕೊಂಡರೆ ಮುಂದಿನ ಹಲವು ವರ್ಷಗಳಿಗೆ ಅದು ಸಾಕಾಗುತ್ತದೆ.

ಜಲಾಶಯದ ಮಟ್ಟ ಏರಿಳಿಯುತ್ತಲೇ ಇರುತ್ತದೆ. ನೀರು ಏರಿ ಹುಲ್ಲುನೆಲವನ್ನು ಆವರಿಸುವಾಗ ಮೀನು ದಡಕ್ಕೆ ಬಹಳ ಹತ್ತಿರ ಬರುತ್ತದೆ, ಏಕೆಂದರೆ ಹೊಸದಾಗಿ ಮುಳುಗಿದ ಮಣ್ಣಿನಿಂದ ಎರೆಹುಳು ಮತ್ತು ಕೀಟಗಳು ಹೊರಬರುತ್ತವೆ. ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿಯತೊಡಗಿದಾಗ ಅದೇ ಮೀನು ಅಂಚನ್ನು ತೊರೆದು ಒಳಗೆ ಸರಿಯುತ್ತದೆ. ಕಳೆದ ತಿಂಗಳು ಮೀನು ಸಿಕ್ಕ ಜಾಗದಲ್ಲಿ ಈ ತಿಂಗಳು ಏನೂ ಇಲ್ಲವೆಂದರೆ ಎರೆಯನ್ನು ದೂರುವ ಮೊದಲು ದಡದ ಮೇಲಿನ ಒದ್ದೆ ಗೆರೆಯನ್ನು ನೋಡಬೇಕು. ಗೆರೆ ನೀರಿಗಿಂತ ಮೇಲಿದ್ದರೆ ಮಟ್ಟ ಇಳಿಯುತ್ತಿದೆ. ಹುಲ್ಲಿನ ತುದಿಗಳು ನೀರೊಳಗೆ ಇನ್ನೂ ಹಸಿರಾಗಿ ನಿಂತಿದ್ದರೆ ಏರುತ್ತಿದೆ.

ಇನ್ನು ಆಳದ ವಿಚಾರ. ಇದರಲ್ಲಿ ತಪ್ಪು ಮಾಡುವವರು ಬಹಳ, ನಾನೂ ಮಾಡಿದ್ದೇನೆ. ದೊಡ್ಡ ಮೀನು ಆಳದಲ್ಲಿರುತ್ತದೆ ಎಂದು ನಂಬಿ, ಬೇಸಿಗೆಯ ಒಂದು ಇಡೀ ದಿನ ಇಪ್ಪತ್ತು ಮೀಟರ್ ಆಳದಲ್ಲಿ ಸೀಸ ಇಳಿಸಿ ಕೂತಿದ್ದೆ. ಒಂದು ಸಲವೂ ಕೋಲಿನ ತುದಿ ಅಲುಗಲಿಲ್ಲ. ಕಾರಣ ಆಮೇಲೆ ತಿಳಿಯಿತು. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದಂತೆಲ್ಲ ಹಗುರಾಗುತ್ತದೆ. ಬಿಸಿಲುಗಾಲದಲ್ಲಿ ಆಳವಾದ ನೀರಿನ ಮೇಲ್ಪದರ ಕಾಯ್ದು ಹಗುರಾಗಿ ಮೇಲೆಯೇ ನಿಲ್ಲುತ್ತದೆ, ತಣ್ಣಗಿನ ಭಾರದ ನೀರು ಕೆಳಗೆ ಉಳಿಯುತ್ತದೆ, ಮತ್ತು ಎರಡೂ ಬೆರೆಯುವುದಿಲ್ಲ. ಕೆಳಪದರಕ್ಕೆ ಗಾಳಿಯ ಸಂಪರ್ಕವಿಲ್ಲ, ಬಿಸಿಲೂ ತಲುಪುವುದಿಲ್ಲ. ಮೇಲಿಂದ ಉದುರಿದ್ದೆಲ್ಲ ಅಲ್ಲಿ ಕೊಳೆಯುತ್ತ ಇದ್ದ ಆಮ್ಲಜನಕವನ್ನೂ ಮುಗಿಸುತ್ತದೆ. ಅಂಥ ಕಾಲದಲ್ಲಿ ಜಲಾಶಯದ ಅತಿ ಆಳದ ಭಾಗವೇ ಮೀನಿಲ್ಲದ ಭಾಗವಾಗಿರಬಹುದು. ಮೂರರಿಂದ ಆರು ಮೀಟರ್ ಆಳದ ಇಳಿಜಾರು, ನೀರಿನೊಳಕ್ಕೆ ಚಾಚಿಕೊಂಡ ನೆಲದ ಮೂತಿ, ಹಳ್ಳ ಬಂದು ಸೇರುವ ಹಿನ್ನೀರಿನ ಕೈಗಳು ಆಗ ಹೆಚ್ಚು ಭರವಸೆಯ ಜಾಗಗಳು. ಗಾಳಿ ಒಂದೇ ದಿಕ್ಕಿಗೆ ಒಂದೆರಡು ದಿನ ಬೀಸಿದ್ದರೆ ಅದು ಬಡಿಯುವ ದಡದಲ್ಲಿ ಕೂರುವುದು ಉತ್ತಮ. ಮೇಲ್ಪದರದ ಬೆಚ್ಚಗಿನ ನೀರು ಮತ್ತು ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳು ಆ ಕಡೆಗೆ ಸೇರುತ್ತವೆ, ಅವುಗಳ ಹಿಂದೆ ಮರಿಮೀನು, ಮರಿಮೀನಿನ ಹಿಂದೆ ಬೇಟೆಯ ಮೀನು ಬರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ದಡದಲ್ಲಿ ಗಾಳ ಎಸೆಯುವುದು ಕಷ್ಟ, ಆದರೆ ಆ ಕಷ್ಟಕ್ಕೆ ಫಲವಿದೆ.

ಹಾಗಾದರೆ ಆಯ್ಕೆ ಯಾವುದು? ಕಲಿಯುವವರಿಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ದಿನಕ್ಕೆ ಎರಡೇ ಗಂಟೆ ಬಿಡುವಿರುವವರಿಗೆ ಕೆರೆಯೇ ಸರಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮೀನು ಚಿಕ್ಕದಾದರೂ ಎರೆಗೆ ಬಾಯಿ ಹಾಕುವುದು ಪದೇ ಪದೇ ಕಾಣಸಿಗುತ್ತದೆ, ಮತ್ತು ಕೈ ಪಳಗುವುದು ಆ ಪುನರಾವರ್ತನೆಯಿಂದಲೇ. ಒಂದು ಕೆರೆಯನ್ನು ಒಂದು ವರ್ಷ ಬಿಡದೆ ನೋಡಿದವರು ಜಲಾಶಯಕ್ಕೆ ಹೋಗಲು ಸಿದ್ಧರು. ಆಗಲೂ ಅಣೆಕಟ್ಟಿನ ಸಮೀಪದ ಆಳಕ್ಕೆ ಹೋಗದೆ ಹಿನ್ನೀರಿನ ಕೊನೆಯಿಂದ ಆರಂಭಿಸಬೇಕು, ಏಕೆಂದರೆ ಆ ಭಾಗ ಕೆರೆಯ ಸ್ವಭಾವವನ್ನೇ ಹೋಲುತ್ತದೆ ಮತ್ತು ಕಲಿತದ್ದು ಅಲ್ಲಿ ಕೈಗೂಡುತ್ತದೆ.

ಹಿಡಿದ ಮೀನನ್ನು ತಿನ್ನುವ ಉದ್ದೇಶವಿದ್ದರೆ ಇನ್ನೂ ಎರಡು ಸಂಗತಿಗಳನ್ನು ತೂಗಬೇಕು. ಹೊಲಸು ನೀರು ಬಂದು ಸೇರುವ ಕೆರೆಯ ಮೀನನ್ನು ಮನೆಗೆ ತರಬಾರದು. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿಯ ಕೆನೆ ಕಟ್ಟಿದ್ದರೆ ಅದು ವಿಷಕಾರಿ ನೀಲಿಹಸಿರು ಪಾಚಿಯಾಗಿರುವ ಸಾಧ್ಯತೆಯಿದೆ, ಅಲ್ಲಿ ಕೈಕಾಲು ತೊಳೆಯುವುದೂ ಬೇಡ. ಹೊಸದಾಗಿ ತುಂಬಿದ ಜಲಾಶಯದ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ: ಮುಳುಗಿದ ಗಿಡಮರ ಮತ್ತು ಮಣ್ಣು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ ಹೆಚ್ಚಾಗುತ್ತದೆ, ಮತ್ತು ಬೇಟೆಯ ಮೀನುಗಳಲ್ಲಿ ಅದರ ಪ್ರಮಾಣ ಹಲವು ವರ್ಷಗಳವರೆಗೆ ಏರಿರಬಹುದು. ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಅಂಥ ಜಲಾಶಯದ ದೊಡ್ಡ ಬೇಟೆಮೀನನ್ನು ಕೊಡದಿರುವುದು ಕ್ಷೇಮ.

ಎರಡು ಕಡೆಯೂ ಅನುಮತಿಯ ವಿಚಾರವನ್ನು ಮೊದಲೇ ಕೇಳಿ ತಿಳಿಯಬೇಕು. ಬೇರೆಯವರು ಮರಿ ಬಿಟ್ಟು ಸಾಕಿದ ಮೀನಿಗೆ ಗಾಳ ಹಾಕುವುದು ಕಳ್ಳತನವೇ ಆಗುತ್ತದೆ, ಮತ್ತು ಕುಡಿಯುವ ನೀರಿನ ಜಲಾಶಯಗಳಲ್ಲಿ ಪ್ರವೇಶವೇ ನಿಷಿದ್ಧವಾಗಿರಬಹುದು.

ನೀರಿನ ತಿಳಿಯನ್ನು ಅಳೆಯುವುದು

ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಮತ್ತು ಖಗೋಳವಿಜ್ಞಾನಿ 1865ರಲ್ಲಿ ನೀರಿನ ತಿಳಿಯನ್ನು ಅಳೆಯಲು ಒಂದು ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತಿಸಿದ. ಇಂದಿಗೂ ಕೆರೆಗಳ ಅಧ್ಯಯನದಲ್ಲಿ ಆತನ ಹೆಸರಿನ ತಟ್ಟೆಯೇ ಬಳಕೆಯಲ್ಲಿದೆ. ಗಾಳ ಹಾಕುವವರೂ ಇದನ್ನು ಮಾಡಿ ನೋಡಬೇಕು. ನಾನು ಹಳೆಯ ಡಬ್ಬಿಯೊಂದರ ಬಿಳಿ ಮುಚ್ಚಳಕ್ಕೆ ನಡುವೆ ತೂತು ಮಾಡಿ, ಕೆಳಗೆ ಒಂದು ಸೀಸದ ಗುಂಡು ಕಟ್ಟಿ, ದಾರಕ್ಕೆ ಗೇಣಿಗೊಂದರಂತೆ ಗಂಟು ಹಾಕಿ ಇಟ್ಟುಕೊಂಡಿದ್ದೇನೆ. ಎರಡು ಗಂಟು ಇಳಿಯುವಷ್ಟರಲ್ಲಿ ಮುಚ್ಚಳ ಮಾಯವಾದರೆ ಅದು ಕದಡಿದ ನೀರು: ಅಲ್ಲಿ ಮೀನು ಕಣ್ಣಿಗಿಂತ ಮೂಗು, ಮೀಸೆ ಮತ್ತು ನೀರಿನ ಅಲುಗಾಟವನ್ನು ಗ್ರಹಿಸುವ, ಮೈಯ ಪಕ್ಕದಲ್ಲಿರುವ ಪಾರ್ಶ್ವರೇಖೆಯನ್ನು ನಂಬುತ್ತದೆ, ಆದ್ದರಿಂದ ವಾಸನೆಯಿರುವ ಎರೆ ಬೇಕು, ಅದು ತಳದಲ್ಲಿ ಕದಲದೆ ಇರಬೇಕು, ದಾರ ಸ್ವಲ್ಪ ದಪ್ಪವಾದರೂ ನಡೆಯುತ್ತದೆ. ಎಂಟು ಹತ್ತು ಗಂಟು ಇಳಿದ ಮೇಲೂ ಬಿಳುಪು ಕಾಣುತ್ತಿದ್ದರೆ ತೆಳುವಾದ ದಾರ, ಸಣ್ಣ ಗಾಳ ಮತ್ತು ದಡದಿಂದ ಹಿಂದೆ ಸರಿದು ತಗ್ಗಿ ಕೂರುವ ತಾಳ್ಮೆ ಬೇಕು.

ತಗ್ಗಿ ಕೂರುವುದಕ್ಕೆ ಕಾರಣವಿದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ಮೀನಿಗೆ ಹೊರಗಿನ ಲೋಕವೆಲ್ಲ ತನ್ನ ತಲೆಯ ಮೇಲಿರುವ, ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ದಡದಲ್ಲಿ ಎದ್ದು ನಿಂತವರು ಆ ಕಿಟಕಿಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಾರೆ; ನೀರಿನಿಂದ ದೂರ, ನೆಲಕ್ಕೆ ಹತ್ತಿರ ಕೂತವರ ಬಿಂಬ ಅಂಚಿನಲ್ಲಿ ಹಿಂಡಿಹೋಗಿ ಗಮನಕ್ಕೆ ಬರುವುದಿಲ್ಲ. ಮಾತನಾಡುವ ದನಿ ಗಾಳಿಯಿಂದ ನೀರಿಗೆ ಅಷ್ಟಾಗಿ ದಾಟುವುದಿಲ್ಲ, ಆದರೆ ಹೆಜ್ಜೆಯ ಸಪ್ಪಳ ನೆಲದ ಮೂಲಕ ನೀರಿಗಿಳಿಯುತ್ತದೆ, ಮತ್ತು ಗೆಂಡೆ ಜಾತಿಯ ಮೀನುಗಳಲ್ಲಿ ಗಾಳಿಚೀಲದ ಕಂಪನವನ್ನು ಒಳಗಿವಿಗೆ ಮುಟ್ಟಿಸುವ ಸಣ್ಣ ಮೂಳೆಗಳ ಸರಪಳಿಯೇ ಇರುವುದರಿಂದ ಅವುಗಳ ಕಿವಿ ಬಹಳ ಸೂಕ್ಷ್ಮ.

ಬೆಂಡು, ತಳದ ಗಾಳ, ಕೃತಕ ಎರೆ

ಯಾವ ವಿಧಾನ ಎಂಬುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ, ಅದು ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳವನ್ನು ಕೆದಕಿ ತಿನ್ನುತ್ತವೆ. ಹುಲ್ಲುಗೆಂಡೆ ಹೆಸರಿಗೆ ತಕ್ಕಂತೆ ಸೊಪ್ಪು ತಿನ್ನುತ್ತದೆ. ಬೆಳ್ಳಿಗೆಂಡೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಕಿವಿರಿನಲ್ಲಿ ಸೋಸಿ ತಿನ್ನುವುದರಿಂದ ಮಾಮೂಲಿ ಎರೆಗೆ ಬಾಯಿ ಹಾಕುವುದು ಅಪರೂಪ. ಕೆರೆಯಲ್ಲಿ ಅದೇ ತುಂಬಿದ್ದರೆ ಬೇರೆ ಕೆರೆ ನೋಡಿಕೊಳ್ಳುವುದೇ ಸರಿ. ಜಿಲೇಬಿ ಮೀನು (ತಿಲಾಪಿಯಾ) ದಡದ ಹತ್ತಿರ ಸಿಕ್ಕಿದ್ದನ್ನು ತಿನ್ನುತ್ತದೆ. ಕೊರವ ಮತ್ತು ಬಾಳೆ ಮೀನುಗಳು ಬೇಟೆಗಾರ ಮೀನುಗಳು.

ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಡುವ ಬೆಂಡು, ತಳದ ಗಾಳ, ಕೃತಕ ಎರೆ ಎಂಬ ಮೂರು ವಿಧಾನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬೆಂಡು, ಮತ್ತು ಹೊಸಬರಿಗೆ ನಾನು ಮೊದಲು ಹೇಳುವುದೂ ಅದನ್ನೇ. ನೀರಿನಡಿ ಏನು ನಡೆಯುತ್ತಿದೆ ಎಂಬುದನ್ನು ಕಣ್ಣಿಗೆ ತೋರಿಸುವ ಸಾಧನ ಅದೊಂದೇ. ಬೆಂಡು ಕಟ್ಟಿದ ಮೇಲೆ, ಎರೆ ಹಾಕುವ ಮೊದಲು, ಗಾಳಕ್ಕೆ ಒಂದು ಭಾರದ ಸೀಸವನ್ನು ಸಿಕ್ಕಿಸಿ ನೀರಿಗಿಳಿಸಿ ಆಳ ನೋಡಬೇಕು: ಬೆಂಡು ಮುಳುಗಿಹೋದರೆ ಅದನ್ನು ದಾರದ ಮೇಲೆ ಇನ್ನಷ್ಟು ಮೇಲಕ್ಕೆ ಸರಿಸಬೇಕು, ಅಡ್ಡ ಮಲಗಿದರೆ ಕೆಳಕ್ಕೆ ಇಳಿಸಬೇಕು, ತುದಿ ಮಾತ್ರ ಹೊರಗಿದ್ದು ನೆಟ್ಟಗೆ ನಿಂತರೆ ಎರೆ ತಳ ಮುಟ್ಟಿದೆ ಎಂದರ್ಥ. ಈ ಐದು ನಿಮಿಷದ ಕೆಲಸವನ್ನು ಬಿಟ್ಟು ಅಂದಾಜಿನಲ್ಲಿ ಹಾಕಿದವರ ಎರೆ ತಳದ ಮೀನಿನ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ತೂಗಾಡುತ್ತಿರುತ್ತದೆ.

ಬೆಂಡಿನ ಚಲನೆಯಲ್ಲೂ ಓದುವುದಕ್ಕೆ ಬಹಳವಿದೆ. ಜಿಲೇಬಿ ಬಂದರೆ ಬೆಂಡು ಪುಟಪುಟನೆ ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ಸೆಳೆದರೆ ಬರಿ ಗಾಳ ಮೇಲೆ ಬರುತ್ತದೆ, ಅದು ಓರೆಯಾಗಿ ಸರಿಯುವವರೆಗೆ ಕಾಯಬೇಕು. ಕೊರವ ಮೀನಾದರೆ ಬೆಂಡು ಒಮ್ಮೆಲೇ ಮಾಯವಾಗುತ್ತದೆ. ಗೆಂಡೆಯ ರೀತಿ ಎಲ್ಲಕ್ಕಿಂತ ವಿಚಿತ್ರ. ಒಂದು ಸಂಜೆ ಏರಿಯ ಬುಡದಲ್ಲಿ ಕೂತಿದ್ದಾಗ ಬೆಂಡಿನ ಸುತ್ತ ಮೊದಲು ಸಣ್ಣ ಸಣ್ಣ ಗುಳ್ಳೆಗಳು ಗೊಂಚಲಾಗಿ ಎದ್ದವು, ಆಮೇಲೆ ಬೆಂಡು ಮುಳುಗುವ ಬದಲು ನಿಧಾನವಾಗಿ ಮೇಲಕ್ಕೆ ಏರಿ ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು. ದಾರ ತುಂಡಾಯಿತೇನೋ ಎಂದು ನಾನು ನೋಡುತ್ತಲೇ ಕೂತೆ, ಅಷ್ಟರಲ್ಲಿ ಮೀನು ಎರೆಯನ್ನು ಉಗಿದು ಹೋಯಿತು. ತಳ ಕೆದಕುವ ಮೀನು ಎರೆಯನ್ನು ಹೀರಿಕೊಂಡು ತಲೆ ಎತ್ತಿದಾಗ, ತಳದ ಹತ್ತಿರ ಕಟ್ಟಿದ್ದ ಕಡೆಯ ಸೀಸವೂ ಅದರೊಂದಿಗೆ ಏಳುತ್ತದೆ. ಆ ಭಾರ ತಪ್ಪಿದ ಬೆಂಡು ಮೇಲಕ್ಕೆ ಬರುತ್ತದೆ. ಬೆಂಡು ಮಲಗಿದ ಆ ಕ್ಷಣವೇ ಸೆಳೆಯಬೇಕಾದ ಕ್ಷಣ.

ತಳದ ಗಾಳ ಬೇಕಾಗುವುದು ಮುಖ್ಯವಾಗಿ ಜಲಾಶಯದಲ್ಲಿ, ಮೀನು ದಡದಿಂದ ಮೂವತ್ತು ನಲವತ್ತು ಮೀಟರ್ ದೂರದಲ್ಲಿದ್ದಾಗ, ಅಥವಾ ಅಲೆಯಿಂದಾಗಿ ಬೆಂಡು ಒಂದೆಡೆ ನಿಲ್ಲದಿದ್ದಾಗ. ಇದರಲ್ಲಿ ಸೀಸವನ್ನು ದಾರಕ್ಕೆ ಬಿಗಿದು ಕಟ್ಟುವುದಕ್ಕಿಂತ ದಾರ ಸೀಸದ ತೂತಿನ ಮೂಲಕ ಸಲೀಸಾಗಿ ಜಾರುವಂತೆ ಇಡುವುದು ಉತ್ತಮ. ಮೀನು ಎರೆ ಕಚ್ಚಿ ಸರಿದಾಗ ಅದಕ್ಕೆ ಸೀಸದ ಭಾರ ತಿಳಿಯುವುದಿಲ್ಲ, ಮತ್ತು ದಾರ ತುಂಡಾದರೆ ಮೀನು ಸೀಸವನ್ನು ಎಳೆದುಕೊಂಡು ನರಳುವುದೂ ತಪ್ಪುತ್ತದೆ. ಬಾಳೆ ಮೀನು ಮತ್ತು ದೊಡ್ಡ ಗೆಂಡೆಗೆ, ರಾತ್ರಿಯ ಹೊತ್ತಿಗೆ, ಕದಡಿದ ನೀರಿಗೆ ಇದೇ ಸರಿಯಾದ ವಿಧಾನ. ಕೊರತೆಯೆಂದರೆ ಮೋಟುಗಳಿರುವ ತಳದಲ್ಲಿ ಗಾಳ ಸಿಕ್ಕಿಹಾಕಿಕೊಳ್ಳುವುದು ಹೆಚ್ಚು.

ಕೃತಕ ಎರೆ, ಅಂದರೆ ನೀರಿನಲ್ಲಿ ಮಿನುಗುವ ಲೋಹದ ಸ್ಪೂನ್, ಸ್ಪಿನ್ನರ್, ರಬ್ಬರ್ ಕಪ್ಪೆ ಮುಂತಾದವು, ಬೇಟೆಯ ಮೀನಿಗೆ ಮಾತ್ರ. ಒಂದೆಡೆ ಕೂರಲಾಗದ, ದಡದುದ್ದಕ್ಕೂ ನಡೆಯುತ್ತ ಎಸೆಯುತ್ತ ಹೋಗಲು ಇಷ್ಟಪಡುವವರಿಗೆ ಇದು ಹೊಂದುತ್ತದೆ. ಜೊಂಡು, ತಾವರೆ ಎಲೆಗಳ ನಡುವೆ ಕೊರವ ಮೀನಿಗೆ ರಬ್ಬರ್ ಕಪ್ಪೆಯಷ್ಟು ಅನುಕೂಲವಾದದ್ದು ಬೇರೆ ಇಲ್ಲ, ಏಕೆಂದರೆ ಅದರ ಗಾಳದ ತುದಿಗಳು ಮೈಗೆ ಒತ್ತಿಕೊಂಡಿದ್ದು ಎಲೆಗೆ ಸಿಕ್ಕುವುದಿಲ್ಲ. ತನ್ನ ಮರಿಗಳ ಗುಂಪನ್ನು ಕಾಯುತ್ತಿರುವ ಕೊರವ ಮೀನು ಹತ್ತಿರ ಸುಳಿದ ಯಾವುದಕ್ಕೂ ಎರಗುತ್ತದೆ; ಕೆಂಪಗಿನ ಮರಿಗಳ ಚೆಂಡು ನೀರಿನ ಮೇಲೆ ಕಂಡರೆ ಅಲ್ಲಿಗೆ ಎಸೆಯಲೇಬಾರದು. ತಾಯಿತಂದೆಯನ್ನು ಹಿಡಿದರೆ ಆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ.

ಕೋಲು, ದಾರ, ಗಾಳ

ನೀರು ಮತ್ತು ವಿಧಾನ ಗೊತ್ತಾದ ಮೇಲೆ ಇದು ಸುಲಭ. ಕೆರೆಯ ಅಂಚಿಗೆ ಬೆಂಡು ಹಾಕುವವರಿಗೆ ಮೂರರಿಂದ ನಾಲ್ಕು ಮೀಟರ್ ಉದ್ದದ ರೀಲಿಲ್ಲದ ಕೋಲು ಸಾಕು, ಅದು ಬಿದಿರಿನದಾದರೂ ಆದೀತು. ಕೃತಕ ಎರೆಗೆ ಎರಡು ಮೀಟರ್ ಆಸುಪಾಸಿನ ಹಗುರವಾದ ರಾಡ್ ಮತ್ತು ಸ್ಪಿನ್ನಿಂಗ್ ರೀಲ್. ಜಲಾಶಯದ ತಳದ ಗಾಳಕ್ಕೆ ದೂರ ಎಸೆಯಲು ಮೂರು ಮೀಟರ್ ಮೀರಿದ ಗಟ್ಟಿ ರಾಡ್. ಬೇಟ್‌ಕಾಸ್ಟಿಂಗ್ ರೀಲನ್ನು ಮೊದಲ ವರ್ಷವೇ ಕೊಳ್ಳುವುದು ಬೇಡ. ಉರುಳೆಯನ್ನು ಹೆಬ್ಬೆರಳಿನಿಂದ ತಡೆಯುವುದು ರೂಢಿಯಾಗುವವರೆಗೆ ದಾರ ಗೋಜಲಾಗುವುದೇ ಹೆಚ್ಚು.

ದಾರದಲ್ಲಿ ಮೂರು ಬಗೆ. ನೈಲಾನ್ ದಾರ ಹಿಗ್ಗುತ್ತದೆ, ಆ ಹಿಗ್ಗು ಮೀನು ಒಮ್ಮೆಲೇ ಜಗ್ಗಿದಾಗ ಹೊಸಬರ ತಪ್ಪನ್ನು ತಾಳಿಕೊಳ್ಳುತ್ತದೆ. ಆದರೆ ಬಿಸಿಲಿಗೆ ಶಕ್ತಿ ಕಳೆದುಕೊಳ್ಳುವುದರಿಂದ ಆಗಾಗ ಬದಲಾಯಿಸಬೇಕು. ಹೆಣೆದ ದಾರ, ಅಂದರೆ ಬ್ರೇಡ್, ಅದೇ ಶಕ್ತಿಗೆ ಬಹಳ ತೆಳು, ಹಿಗ್ಗುವುದೇ ಇಲ್ಲವೆನ್ನಬಹುದು. ದೂರದಲ್ಲಿ ಮೀನು ಮುಟ್ಟಿದ್ದೂ ಕೈಗೆ ತಿಳಿಯುತ್ತದೆ, ಜೊಂಡಿನಿಂದ ಮೀನನ್ನು ಹೊರಗೆಳೆಯಲು ಇದೇ ಬೇಕು. ಕಲ್ಲಿಗೆ ಉಜ್ಜಿದರೆ ಮಾತ್ರ ಬೇಗ ಹರಿಯುತ್ತದೆ, ಬರಿಗೈಗೆ ಸುತ್ತಿ ಎಳೆದರೆ ಬೆರಳನ್ನೇ ಕೊಯ್ಯುತ್ತದೆ. ಫ್ಲೋರೋಕಾರ್ಬನ್ ದಾರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.42, ನೀರಿನದು 1.33; ನೈಲಾನ್‌ಗಿಂತ ಇದು ನೀರಿಗೆ ಹತ್ತಿರವಾದ್ದರಿಂದ ಕಣ್ಣಿಗೆ ಕಡಿಮೆ ಕಾಣುತ್ತದೆ. ರೀಲಿಗೆಲ್ಲ ಇದನ್ನೇ ಸುತ್ತುವ ಅಗತ್ಯವಿಲ್ಲ; ತಿಳಿನೀರಿನಲ್ಲಿ ಗಾಳದ ಪಕ್ಕದ ಒಂದು ಮಾರುದ್ದಕ್ಕೆ ಕಟ್ಟಿಕೊಂಡರೆ ಸಾಕು. ಕೆರೆಗೆ ಮೂರು ನಾಲ್ಕು ಕಿಲೊ ತಾಳುವ ನೈಲಾನ್, ಜಲಾಶಯಕ್ಕೆ ಏಳೆಂಟು ಕಿಲೊ ತಾಳುವಂಥದ್ದು ಎಂದಿಟ್ಟುಕೊಳ್ಳಬಹುದು. ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ತಡೆಯನ್ನು, ದಾರದ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಗಿಗೊಳಿಸಬಾರದು. ಗಂಟು ಬಿಗಿಯುವ ಮೊದಲು ಅದನ್ನು ಒದ್ದೆ ಮಾಡಬೇಕು. ಒಣ ನೈಲಾನ್ ಉಜ್ಜಿಕೊಂಡು ಕಾಯ್ದು ಅಲ್ಲೇ ದುರ್ಬಲವಾಗುತ್ತದೆ, ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಬಹಳ ಸಲ ಅಲ್ಲೇ.

ಗಾಳದ ಅಂಕಿಯ ಕ್ರಮ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ: 12ನೇ ನಂಬರಿನ ಗಾಳ 6ಕ್ಕಿಂತ ಚಿಕ್ಕದು, 1ನ್ನು ದಾಟಿದ ಮೇಲೆ 1/0, 2/0 ಎಂದು ಮತ್ತೆ ದೊಡ್ಡದಾಗುತ್ತ ಹೋಗುತ್ತದೆ. ಜಿಲೇಬಿಗೆ 10 ಅಥವಾ 12, ಗೆಂಡೆಗೆ 6ರ ಆಸುಪಾಸು, ಬಾಳೆಗೆ 1/0ಗಿಂತ ಮೇಲಿನದು. ಸಂಶಯವಿದ್ದಾಗ ಚಿಕ್ಕದನ್ನೇ ಆರಿಸಬೇಕು. ಎರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಎರೆಹುಳುವಿಗೆ ಬಾಯಿ ಹಾಕದ ಮೀನು ಕಡಿಮೆ, ಗೆಂಡೆಗೆ ಗಾಳದಿಂದ ಕಳಚದಷ್ಟು ಗಟ್ಟಿಯಾಗಿ ನಾದಿದ ಹಿಟ್ಟಿನ ಉಂಡೆ ಇದ್ದರೆ ಸಾಕು. ಸೀಸದ ವಿಚಾರದಲ್ಲಿ ಒಂದು ಕೋರಿಕೆ. ಕಳೆದುಹೋದ ಸಣ್ಣ ಸೀಸದ ಗುಂಡುಗಳನ್ನು ನೀರುಹಕ್ಕಿಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತವೆ. ಇದೇ ಕಾರಣಕ್ಕೆ ಬ್ರಿಟನ್‌ನಲ್ಲಿ 1987ರಿಂದ ಸಣ್ಣ ಸೀಸದ ತೂಕಗಳಿಗೆ ನಿಷೇಧವಿದೆ. ತವರ ಅಥವಾ ಟಂಗ್‌ಸ್ಟನ್ ತೂಕ ಸಿಗುವ ಕಡೆ ಅದನ್ನೇ ಬಳಸಬೇಕು.

ದಡವೋ ದೋಣಿಯೋ

ಕೆರೆಗೆ ದೋಣಿಯ ಅಗತ್ಯವೇ ಇಲ್ಲ. ಜಲಾಶಯದಲ್ಲಿ ದೋಣಿ ಇದ್ದರೆ ಮುಳುಗಿದ ಮರಗಳ ಅಂಚನ್ನು ತಲುಪಬಹುದು, ಆದರೆ ವಿಶಾಲವಾದ ನೀರಿನಲ್ಲಿ ಗಾಳಿ ಎದ್ದು ಅಲೆಗಳು ಹುಟ್ಟುವುದಕ್ಕೆ ಅರ್ಧ ಗಂಟೆಯೂ ಬೇಡ. ತೇಲುಕವಚವನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದಲ್ಲ, ಮೈಮೇಲೆ ತೊಟ್ಟಿರಬೇಕು, ಈಜು ಬಲ್ಲವರು ಕೂಡ. ಒಂಟಿಯಾಗಿ ಹೋಗುವವರಿಗೆ ನಾನು ದಡವನ್ನೇ ಹೇಳುತ್ತೇನೆ. ದಡದಲ್ಲೂ ಕೆಲವು ಜಾಗಗಳು ಕೂಡದು: ಅಣೆಕಟ್ಟಿನ ತೂಬು ಮತ್ತು ಕೋಡಿಯ ಬಾಯಿ, ಗೇಟಿನ ಕೆಳಗಿನ ನದೀಪಾತ್ರ, ನೀರು ಈಚೆಗಷ್ಟೇ ಇಳಿದು ಮೇಲೆ ಒಣಗಿ ಬಿರುಕುಬಿಟ್ಟಂತೆ ಕಾಣುವ, ಒಳಗೆ ಸೊಂಟದವರೆಗೆ ಹೂತುಕೊಳ್ಳುವ ಕೆಸರು. ಕಾರ್ಬನ್ ರಾಡ್ ವಿದ್ಯುತ್ತನ್ನು ಹರಿಯಗೊಡುತ್ತದೆ. ವಿದ್ಯುತ್ ತಂತಿಯ ಕೆಳಗೆ ಅದನ್ನು ಎತ್ತಬಾರದು, ಗುಡುಗು ಕೇಳಿದ ಕೂಡಲೇ ಕೆಳಗಿಟ್ಟು ನೀರಿನಿಂದ ದೂರ ಹೋಗಬೇಕು.

ಇಟ್ಟುಕೊಳ್ಳುವುದೋ ಬಿಡುವುದೋ

ಕೆರೆಯಲ್ಲಿ ಮೀನಿನ ಸಂಖ್ಯೆ ಮಿತವಾದದ್ದು, ಆದ್ದರಿಂದ ಈ ಪ್ರಶ್ನೆ ಅಲ್ಲಿ ಹೆಚ್ಚು ಮುಖ್ಯ. ತಿನ್ನಲು ಒಂದೆರಡನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಮೊಟ್ಟೆ ತುಂಬಿದ ದೊಡ್ಡ ಹೆಣ್ಣುಮೀನನ್ನು ಬಿಟ್ಟು ಮಧ್ಯಮ ಗಾತ್ರದ್ದನ್ನು ಇಟ್ಟುಕೊಳ್ಳುವುದು ಮೇಲು. ಜಿಲೇಬಿ ಅತಿಯಾಗಿ ಹೆಚ್ಚುವ ಮೀನು, ಅದನ್ನು ಧಾರಾಳವಾಗಿ ತರಬಹುದು. ಬಿಡುವ ಮನಸ್ಸಿದ್ದರೆ ಆ ತೀರ್ಮಾನ ಗಾಳ ಕಟ್ಟುವಾಗಲೇ ಆಗಿರಬೇಕು, ಏಕೆಂದರೆ ಗಾಳದ ಎದುರುಮುಳ್ಳನ್ನು ಇಕ್ಕುಳದಿಂದ ಒತ್ತಿ ಮಟ್ಟಮಾಡಿಕೊಳ್ಳಬೇಕಾದದ್ದು ಆಗಲೇ. ತುದಿ ಒಳಕ್ಕೆ ಬಾಗಿರುವ ಸರ್ಕಲ್ ಗಾಳ ಬಳಸಿದರೆ ಅದು ಹೆಚ್ಚಾಗಿ ಬಾಯಿಯ ಮೂಲೆಗೆ ನಾಟುತ್ತದೆ, ಗಂಟಲಿಗಿಳಿಯುವುದು ಕಡಿಮೆ. ಆದರೆ ಅದರಲ್ಲಿ ಜೋರಾಗಿ ಸೆಳೆಯಬಾರದು, ದಾರವನ್ನು ನಿಧಾನವಾಗಿ ಬಿಗಿಗೊಳಿಸಿದರೆ ತಾನೇ ನಾಟುತ್ತದೆ.

ಮೀನನ್ನು ಮುಟ್ಟುವ ಮೊದಲು ಕೈಯನ್ನು ನೀರಿನಲ್ಲಿ ಅದ್ದಬೇಕು. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ, ರೋಗಗಳಿಂದ ಅದನ್ನು ಕಾಯುವುದು ಆ ಲೋಳೆಯೇ. ಕಿವಿರಿನೊಳಗೆ ಬೆರಳು ಹಾಕದೆ, ಬಿಸಿ ಕಲ್ಲಿನ ಮೇಲೆ ಇಡದೆ, ಸಾಧ್ಯವಾದರೆ ಕೈಬಲೆಯಲ್ಲಿ ನೀರಿನೊಳಗಿರುವಂತೆಯೇ ಗಾಳ ಬಿಡಿಸಬೇಕು. ಗಂಟಲಲ್ಲಿ ಆಳವಾಗಿ ನಾಟಿದ್ದರೆ ಕೀಳಲು ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸುವುದು ಮೀನಿಗೆ ಹೆಚ್ಚು ಬದುಕುವ ಅವಕಾಶ ಕೊಡುತ್ತದೆ. ಆಮೇಲೆ ಎಸೆಯಬಾರದು: ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡದಲ್ಲಿ ಇನ್ನೊಂದು ಕೈ ಇಟ್ಟು ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡಿರಬೇಕು. ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ತೆರೆದು ಮುಚ್ಚತೊಡಗುತ್ತದೆ, ಬಾಲದಲ್ಲಿ ಬಿಗಿ ಬರುತ್ತದೆ, ಆಮೇಲೆ ಅದು ತಾನಾಗಿಯೇ ಕೈಯಿಂದ ಜಾರಿ ಹೋಗುತ್ತದೆ.